ಒಬ್ಬರ ಹೆಗಲ ಮೇಲೆ ಒಂದು ಶಾಸ್ತ್ರ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಹೊಸ ಅಧ್ಯಾಪಕರ ಹುಡುಕಾಟ ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಶುರುವಾಗುತ್ತದೆ. ರಾಜ್ಯಶಾಸ್ತ್ರ ವಿಭಾಗಗಳ ಪ್ರಕಟಣೆಗಳಲ್ಲಿ ‘ಬ್ಲ್ಯಾಕ್ ಪಾಲಿಟಿಕ್ಸ್’ ಎಂಬ ಹೆಸರು ಈಗ ಅಪರೂಪವೇನಲ್ಲ. ಕಪ್ಪುಜನರ ಮತದಾನ, ಚಳವಳಿ, ಪ್ರಾತಿನಿಧ್ಯ, ರಾಜಕೀಯ ಚಿಂತನೆಗಳನ್ನು ಸಂಶೋಧಿಸಿ ಕಲಿಸಬಲ್ಲ ಒಬ್ಬ ಸಹಾಯಕ ಪ್ರಾಧ್ಯಾಪಕರು ಬೇಕು ಎಂಬುದು ಅದರ ಸಾರ. ಇದು ಹೋರಾಡಿ ಪಡೆದ ಜಾಗ. ಆದರೂ ಈ ನೇಮಕಾತಿಯ ಕ್ರಮದಲ್ಲಿ ಮೂಲದ ಕೊರತೆಯೊಂದಿದೆ. ವಿಷಯಕ್ಕೆ ಕುರ್ಚಿ ಸಿಕ್ಕಿದೆ; ಆ ವಿಷಯವನ್ನು ತೂಗಿ ನೋಡುವ ಅಧಿಕಾರ ಇನ್ನೂ ಅದನ್ನು ಬಲ್ಲವರ ಕೈಗೆ ಪೂರ್ತಿಯಾಗಿ ಬಂದಿಲ್ಲ.

ಈ ಪ್ರಶ್ನೆ ಹೋರಾಟದ ಮೊದಲ ದಿನಗಳಲ್ಲೇ ಎದ್ದಿತ್ತು. 1968ರ ನವೆಂಬರ್ 6ರಂದು ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ ಮುಷ್ಕರ ಹೂಡಿದ ವಿದ್ಯಾರ್ಥಿಗಳು ಕಪ್ಪುಜನರ ಅಧ್ಯಯನಕ್ಕೆ ವಿಭಾಗ ಬೇಕೆಂದಷ್ಟೇ ಕೇಳಲಿಲ್ಲ, ಅಧ್ಯಾಪಕರನ್ನು ಆರಿಸುವ ಹಕ್ಕೂ ಆ ವಿಭಾಗಕ್ಕೇ ಇರಬೇಕೆಂದು ಪಟ್ಟು ಹಿಡಿದರು. ಮುಷ್ಕರ 1969ರ ಮಾರ್ಚ್‌ವರೆಗೆ ನಡೆಯಿತು. ವಿಭಾಗ ಬಂತು, ಅದನ್ನು ಕಟ್ಟಲೆಂದು ಕರೆತಂದಿದ್ದ ಸಮಾಜಶಾಸ್ತ್ರಜ್ಞ ನೇಥನ್ ಹೇರ್ ಅವರನ್ನು ಮಾತ್ರ ಆಡಳಿತ ಮುಂದುವರಿಸಲಿಲ್ಲ. ಅದೇ ವರ್ಷ ಹಾರ್ವರ್ಡ್‌ನಲ್ಲಿ ಆಫ್ರೋ-ಅಮೆರಿಕನ್ ಅಧ್ಯಯನದ ನೇಮಕಾತಿಯಲ್ಲಿ ವಿದ್ಯಾರ್ಥಿಗಳಿಗೂ ಮತ ಸಿಕ್ಕಿತು. ಅದನ್ನು ವಿರೋಧಿಸಿದವರಲ್ಲಿ ಅಲ್ಲಿನ ಕಪ್ಪು ರಾಜ್ಯಶಾಸ್ತ್ರಜ್ಞ ಮಾರ್ಟಿನ್ ಕಿಲ್ಸನ್ ಪ್ರಮುಖರು. ವಿದ್ವತ್ತಿನ ಮಟ್ಟ ಕುಸಿಯಬಾರದೆಂಬ ಅವರ ಕಾಳಜಿ ನ್ಯಾಯವಾದದ್ದೇ. ಆದರೆ ಆ ಮಟ್ಟವನ್ನು ಗೊತ್ತುಮಾಡುವವರು ಯಾರು? 1969ರಲ್ಲೇ ತಮ್ಮದೇ ರಾಷ್ಟ್ರೀಯ ಸಂಘಟನೆ ಕಟ್ಟಿಕೊಂಡ ಕಪ್ಪು ರಾಜ್ಯಶಾಸ್ತ್ರಜ್ಞರನ್ನು ಕಾಡಿದ್ದು ಈ ಪ್ರಶ್ನೆ. ಅವರ ಮುಂದಾಳು ಮ್ಯಾಕ್ ಜೋನ್ಸ್, ಆಳುವವರ ಚಿಂತೆಯಿಂದ ಹುಟ್ಟಿದ ಶಾಸ್ತ್ರ ತುಳಿತಕ್ಕೊಳಗಾದವರ ರಾಜಕೀಯವನ್ನು ವಿವರಿಸಲಾರದು ಎಂದು ವಾದಿಸುತ್ತ ಬಂದರು.

ಇಂದಿನ ಕ್ರಮದಲ್ಲಿ ಮೆಚ್ಚತಕ್ಕದ್ದೂ ಇದೆ. ಅಂತಿಮ ಪಟ್ಟಿಗೆ ಬಂದ ಮೂರು-ನಾಲ್ಕು ಮಂದಿ ಕ್ಯಾಂಪಸ್ಸಿಗೆ ಬಂದು, ಇಡೀ ವಿಭಾಗದ ಮುಂದೆ ತಮ್ಮ ಸಂಶೋಧನೆಯನ್ನು ಮಂಡಿಸಿ, ಬಂದ ಪ್ರಶ್ನೆಗಳಿಗೆಲ್ಲ ಉತ್ತರಿಸಬೇಕು. ಕೆಲವೇ ನಿಮಿಷಗಳ ಸಂದರ್ಶನಕ್ಕಿಂತ ಇದು ಎಷ್ಟೋ ಮೇಲು. ಆದರೆ ಕೇಳುವವರಲ್ಲಿ ಈ ವಿಷಯ ಓದಿದವರು ಯಾರೂ ಇಲ್ಲದಿದ್ದಾಗ ಪರೀಕ್ಷೆ ದಾರಿ ತಪ್ಪುತ್ತದೆ. ಕಪ್ಪು ಮತದಾರರ ಬಗ್ಗೆ ಮಾತನಾಡಿದವರಿಗೆ ‘ಇದು ಬೇರೆ ಗುಂಪುಗಳಿಗೂ ಅನ್ವಯಿಸುತ್ತದೆಯೇ?’ ಎಂಬ ಪ್ರಶ್ನೆ ಎದುರಾಗುತ್ತದೆ. ಬಹುಪಾಲು ಬಿಳಿಯರನ್ನೇ ಅಧ್ಯಯನ ಮಾಡಿ ‘ಅಮೆರಿಕದ ಮತದಾರ’ ಎಂದು ಬರೆದವರಿಗೆ ಅದು ಅಷ್ಟು ಸುಲಭವಾಗಿ ಎದುರಾಗುವುದಿಲ್ಲ.

ಈ ಅಸಮಾನತೆಯಿಂದ ನಷ್ಟವಾಗುವುದು ಶಾಸ್ತ್ರಕ್ಕೇ. ಆದಾಯ ಏರಿದ ಮೇಲೂ ಕಪ್ಪು ಮಧ್ಯಮವರ್ಗ ಪಕ್ಷ ಬದಲಿಸದೆ ಒಗ್ಗಟ್ಟಾಗಿ ಮತ ಹಾಕುವುದೇಕೆ ಎಂಬುದನ್ನು ರಾಜ್ಯಶಾಸ್ತ್ರಜ್ಞ ಮೈಕೆಲ್ ಡಾಸನ್ 1994ರಲ್ಲಿ ವಿವರಿಸಿದರು: ಸಮುದಾಯಕ್ಕೆ ಆದದ್ದೇ ತನಗೂ ಆಗುತ್ತದೆ ಎಂಬ ಅನುಭವಸಿದ್ಧ ನಂಬಿಕೆ ಅದರ ಹಿಂದಿದೆ. 1999ರಲ್ಲಿ ಕ್ಯಾಥಿ ಕೋಹೆನ್ ಏಡ್ಸ್ ಪಿಡುಗಿನ ಅಧ್ಯಯನದ ಮೂಲಕ ಆ ಒಗ್ಗಟ್ಟಿನ ಒಳಗೇ ಯಾರು ಹೊರಗುಳಿಯುತ್ತಾರೆ ಎಂದು ತೋರಿಸಿದರು. ಇಬ್ಬರೂ ಷಿಕಾಗೊ ವಿಶ್ವವಿದ್ಯಾಲಯದ ಒಂದೇ ವಿಭಾಗದಲ್ಲಿ ಕೆಲಸ ಮಾಡಿದವರು. ಇಂಥ ವಾಗ್ವಾದವೇ ಒಂದು ವಿಷಯದ ಜೀವಾಳ. ಒಬ್ಬರೇ ಇರುವ ಕಡೆ ಅದು ನಡೆಯುವುದು ಯಾರ ಜೊತೆ?

ಕರ್ನಾಟಕದ ಓದುಗರು ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ನಮ್ಮಲ್ಲಿ ರೋಸ್ಟರ್ ಪ್ರಕಾರ ಹುದ್ದೆ ಇಂಥ ವರ್ಗಕ್ಕೆಂದು ಮೀಸಲಾಗುತ್ತದೆ. ಅಲ್ಲಿ 1964ರ ನಾಗರಿಕ ಹಕ್ಕು ಕಾಯ್ದೆಯ ಪ್ರಕಾರ ಬಣ್ಣ ನೋಡಿ ಕೆಲಸ ಕೊಡುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ. ಮೀಸಲಾಗಿರುವುದು ವಿಷಯ, ವ್ಯಕ್ತಿಯಲ್ಲ. ಆದರೂ ಆ ಹುದ್ದೆಗೆ ಕಪ್ಪು ವಿದ್ವಾಂಸರು ಬಂದಾಗ ವಿಶ್ವವಿದ್ಯಾಲಯ ಅವರಿಂದ ವಿಷಯಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುತ್ತದೆ. ಎಲ್ಲ ಸಮಿತಿಗಳಿಗೂ ಅವರೇ ಬೇಕು, ನೊಂದ ವಿದ್ಯಾರ್ಥಿಗಳಿಗೆ ಕಿವಿಯಾಗಲೂ ಅವರೇ ಬೇಕು. 1994ರಲ್ಲಿ ಮನಶ್ಶಾಸ್ತ್ರಜ್ಞ ಅಮಾಡೊ ಪಡಿಯಾ ಇದನ್ನು ಸಾಂಸ್ಕೃತಿಕ ತೆರಿಗೆ ಎಂದು ಕರೆದರು. ಟೆನ್ಯೂರ್, ಅಂದರೆ ಕಾಯಂ ಹುದ್ದೆಯ ತೀರ್ಮಾನದ ದಿನ ಲೆಕ್ಕಕ್ಕೆ ಬರುವುದು ಮಾತ್ರ ಮುಖ್ಯವಾಗಿ ಪ್ರಕಟಣೆಗಳೇ. ಕೆಲಸ ಹೇರಿದವರೇ ಅದನ್ನು ಲೆಕ್ಕದಿಂದ ಬಿಡುವುದು ಅನ್ಯಾಯ.

ವಿದ್ವಾಂಸರು ಒಪ್ಪಿದರೂ ಸಾಲದು ಎಂಬುದನ್ನು 2021ರಲ್ಲಿ ಉತ್ತರ ಕೆರೊಲೈನಾ ವಿಶ್ವವಿದ್ಯಾಲಯ ತೋರಿಸಿತು. ಗುಲಾಮಗಿರಿಯ ಚರಿತ್ರೆಯನ್ನು ದೇಶದ ಚರ್ಚೆಯ ಕೇಂದ್ರಕ್ಕೆ ತಂದ ಪತ್ರಕರ್ತೆ ನಿಕೋಲ್ ಹ್ಯಾನಾ-ಜೋನ್ಸ್ ಅವರಿಗೆ ಟೆನ್ಯೂರ್ ಕೊಡಲು ಅಧ್ಯಾಪಕರು ಶಿಫಾರಸು ಮಾಡಿದ್ದರು. ಟ್ರಸ್ಟಿಗಳ ಮಂಡಳಿ ಅದನ್ನು ಕೈಗೆತ್ತಿಕೊಳ್ಳದೆ ಉಳಿಸಿತು. ಪ್ರತಿಭಟನೆಯ ನಂತರ ಜೂನ್ 30ರಂದು 9–4 ಮತಗಳಿಂದ ಒಪ್ಪಿತು. ಅವರು ಹಾವರ್ಡ್ ವಿಶ್ವವಿದ್ಯಾಲಯವನ್ನು ಆರಿಸಿಕೊಂಡರು. ಅವರ ಕ್ಷೇತ್ರ ಪತ್ರಿಕೋದ್ಯಮವಾದರೂ ಪಾಠ ಎಲ್ಲರದು: ಕೊನೆಯ ಮೆಟ್ಟಿಲಲ್ಲಿ ನಿಂತವರು ಕೆಳಗಿನ ಇಡೀ ಪರಿಶೀಲನೆಯನ್ನು ಅರ್ಥಹೀನವಾಗಿಸಬಲ್ಲರು.

ಈ ಪದ್ಧತಿಯನ್ನು ಸರಿಪಡಿಸಬಹುದು. ಈ ಕ್ಷೇತ್ರದವರು ವಿಭಾಗದಲ್ಲಿ ಇಲ್ಲದಿದ್ದರೆ ಹೊರಗಿನ ತಜ್ಞರು ಆಯ್ಕೆ ಸಮಿತಿಯಲ್ಲಿರಬೇಕು. ಒಬ್ಬರ ಬದಲು ಇಬ್ಬರು, ಮೂವರನ್ನು ಒಟ್ಟಿಗೆ ನೇಮಿಸಬೇಕು. ಸಮಿತಿ ಕೆಲಸಕ್ಕೂ ವಿದ್ಯಾರ್ಥಿಗಳ ಮಾರ್ಗದರ್ಶನಕ್ಕೂ ಎಷ್ಟು ಬೆಲೆ ಎಂಬುದನ್ನು ನೇಮಕಾತಿ ಪತ್ರದಲ್ಲೇ ಬರೆದುಕೊಡಬೇಕು. ಇಷ್ಟು ಮಾಡದ ವಿಭಾಗ ಪ್ರಕಟಣೆ ಹೊರಡಿಸಿದ್ದಕ್ಕೇ ಬೆನ್ನು ತಟ್ಟಿಕೊಳ್ಳಬಾರದು. ಕಪ್ಪುಜನರ ರಾಜಕೀಯವನ್ನು ಬಲ್ಲವರನ್ನು ಕರೆಯುವುದೆಂದರೆ ತನ್ನ ಪ್ರಶ್ನೆಗಳನ್ನೇ ಮರುಪರಿಶೀಲಿಸಲು ಒಪ್ಪುವುದು. ಆ ಒಪ್ಪಿಗೆ ಇಲ್ಲದ ನೇಮಕಾತಿ ಅರ್ಧ ನೇಮಕಾತಿ.