ಹೊಕ್ಕುಳ ಕುಳಿಯ ಕೊನೆಯ ಹೊಲಿಗೆ

ಮಗು ಅತ್ತರೆ ಉಬ್ಬುವ, ನಿದ್ದೆಹೋದರೆ ಇಳಿಯುವ ಹೊಕ್ಕುಳು. ಹಲಸೂರಿನ ಅಜ್ಜಿಯಾದರೆ ಅದರ ಮೇಲೆ ನಾಣ್ಯವಿಟ್ಟು ಬಟ್ಟೆ ಬಿಗಿಯುತ್ತಿದ್ದಳು. ಉಬ್ಬಿಗೆ ಕಾರಣ ಹೊಕ್ಕುಳ ಹಿಂದೆ ಹೊಟ್ಟೆಯ ಗೋಡೆಯಲ್ಲಿ ಉಳಿದ ತೂತು; 4-5 ವರ್ಷದೊಳಗೆ ಹೆಚ್ಚಿನ ಮಕ್ಕಳಲ್ಲಿ ಅದು ತಾನೇ ಮುಚ್ಚಿಕೊಳ್ಳುತ್ತದೆ. ಹೆಸರು ಮಾತ್ರ ನಾಣ್ಯಕ್ಕೆ! ಹಾಗಾಗಿ ಮಕ್ಕಳ ಸರ್ಜನ್ ಮೊದಲು ಕಲಿಯುವುದು ಕಾಯುವುದನ್ನು. ಉಬ್ಬು ಗಟ್ಟಿಯಾಗಿ ಒಳಹೋಗದೆ ನೋವು, ವಾಂತಿ ಶುರುವಾದರೆ ಮಾತ್ರ ಕಾಯುವಂತಿಲ್ಲ.

ಮುಚ್ಚದೆ ಉಳಿದದ್ದಕ್ಕೆ ಕತ್ತರಿ. ಹೊಕ್ಕುಳ ಕೆಳಗಿನ ಮಡಿಕೆಯಲ್ಲೇ ಬಿದಿಗೆ ಚಂದ್ರನಂಥ ಗೀರು. ಚರ್ಮದ ಒಳಬದಿಗೆ ಅಂಟಿದ ತೆಳು ಚೀಲವನ್ನು, ಚರ್ಮ ಹರಿಯದಂತೆ, ನಿಧಾನವಾಗಿ ಬಿಡಿಸಬೇಕು. ತೂತಿನ ಅಂಚುಗಳಿಗೆ ಕರಗುವ ದಾರದ ಹೊಲಿಗೆ. ದೊಡ್ಡವರಿಗೆ ಹಾಕುವ ಜಾಲರಿ ಮಕ್ಕಳಿಗೆ ಸಾಮಾನ್ಯವಾಗಿ ಬೇಡ. ಕೆಲಸ ಇಲ್ಲಿಗೇ ಮುಗಿದಂತೆ. ನನಗೆ ಇಷ್ಟವಾಗುವುದು ಇದಾದ ಮೇಲಿನ ಒಂದು ಹೊಲಿಗೆ: ಹೊಕ್ಕುಳ ಚರ್ಮದ ನಡುಬಿಂದುವನ್ನು ಒಳಗಿನ ಗಟ್ಟಿ ಪೊರೆಗೆ ಎಳೆದು ಕಟ್ಟುವುದು. ಕುಳಿ ಮರಳಿ ಮೂಡುತ್ತದೆ. ಶಿವಾಜಿನಗರದಲ್ಲಿ ಬೌರಿಂಗ್ ಆಸ್ಪತ್ರೆಯಿಂದ ಕಮರ್ಷಿಯಲ್ ಸ್ಟ್ರೀಟ್ ದೂರವೇನಲ್ಲ. ಹೊಲಿಗೆ ಹೊರಗೆ ಕಾಣಬಾರದೆನ್ನುವ ಅಲ್ಲಿನ ದರ್ಜಿಗೆ ಈ ಹಟ ಅರ್ಥವಾದೀತು.

ಸಾಮಾನ್ಯವಾಗಿ ಅದೇ ಸಂಜೆ ಮಗು ಮನೆಗೆ. ಕೆಲವು ತಿಂಗಳು ಕಳೆದು ಅಜ್ಜಿ ಕನ್ನಡಕ ಏರಿಸಿ ಗಾಯದ ಗುರುತು ಹುಡುಕುತ್ತಾಳೆ. ಮಗುವಿಗೆ ಕಚಗುಳಿ.