ಜೀವನಚರಿತ್ರೆಗಳಲ್ಲಿ ದೋಷಕಥನ

ಮಹಾಪುರುಷರ ಚರಿತ್ರೆಯನ್ನು ಬರೆಯುವವನು ಅವರ ದೋಷಗಳನ್ನು ಹೇಳಬೇಕೆ, ಬಿಡಬೇಕೆ? ಹಿರಿಯರ ಗುಣವನ್ನು ಮಾತ್ರ ಹೇಳಬೇಕೆಂಬುದು ನಮ್ಮ ಮನೆಗಳಲ್ಲಿ ಬಂದ ಪದ್ಧತಿ. ನಾನೂ ಅದನ್ನೇ ನಂಬಿದ್ದವನು. ಈಚೆಗೆ ಒಂದರ ಹಿಂದೊಂದರಂತೆ ಓದಿದ ಮೂರು ಗ್ರಂಥಗಳು ಆ ನಂಬಿಕೆಯನ್ನು ಸಡಿಲಿಸಿದುವು.

ಮೊದಲನೆಯದು ಬಾಸ್‌ವೆಲ್ಲನು ಬರೆದು 1791ರಲ್ಲಿ ಹೊರತಂದ ಡಾಕ್ಟರ್ ಜಾನ್ಸನ್ನನ ಚರಿತ್ರೆ. ಜಾನ್ಸನ್ನನು 1755ರಲ್ಲಿ ಆಂಗ್ಲಭಾಷೆಗೆ ಮಹಾಕೋಶವನ್ನು ರಚಿಸಿಕೊಟ್ಟ ಪಂಡಿತ. ಅವನ ಒರಟು ಮಾತು, ವಿಚಿತ್ರವಾದ ಅಂಗಚೇಷ್ಟೆ, ಊಟದ ಆತುರ, ಮರಣಭಯ, ಇವಾವುದನ್ನೂ ಬಾಸ್‌ವೆಲ್ಲನು ಮುಚ್ಚಿಡುವುದಿಲ್ಲ. ಆದರೆ ತನ್ನ ಬೆಕ್ಕಿನ ಆಹಾರವನ್ನು ತಾನೇ ಹೊರಗೆ ಹೋಗಿ ಕೊಂಡು ತರುತ್ತಿದ್ದ ಜಾನ್ಸನ್ನನನ್ನು ತೋರಿಸುವುದೂ ಆ ಲೇಖನಿಯೇ. ಸೇವಕರಿಗೆ ಆ ಶ್ರಮವನ್ನು ಕೊಟ್ಟರೆ ಅವರು ಆ ಬಡಪ್ರಾಣಿಯನ್ನು ದ್ವೇಷಿಸಿಯಾರೆಂದು ಅವನ ಅಂಜಿಕೆ. ಒರಟುತನವನ್ನು ಮೊದಲೇ ಕಂಡಿರುವುದರಿಂದ ಈ ಮೃದುತ್ವವನ್ನು ನಾವು ಸಂಶಯವಿಲ್ಲದೆ ನಂಬುತ್ತೇವೆ.

ಎರಡನೆಯದು ವಿಕ್ಟೋರಿಯಾ ಯುಗದ ನಾಲ್ವರು ಪ್ರಮುಖರನ್ನು ಕುರಿತು ಲಿಟನ್ ಸ್ಟ್ರೇಚಿ 1918ರಲ್ಲಿ ಪ್ರಕಟಿಸಿದ ಗ್ರಂಥ. ಶೈಲಿ ಬಹು ಹರಿತವಾದುದು. ಫ್ಲಾರೆನ್ಸ್ ನೈಟಿಂಗೇಲಳ ಕರುಣೆಯ ಹಿಂದಿದ್ದ ಉಕ್ಕಿನಂಥ ಹಟವನ್ನು ಅವನು ಕಾಣಿಸಿರುವ ಬಗೆ ಮೆಚ್ಚತಕ್ಕದ್ದು. ಆದರೆ ಉಪಾಧ್ಯಾಯನಾದ ಅರ್ನಾಲ್ಡನ ಕಾಲುಗಳು ಗಿಡ್ಡವಾಗಿದ್ದಿರಬಹುದೆಂದು ಬರೆಯುವಲ್ಲಿ ನನ್ನ ಮನಸ್ಸು ಹಿಂಜರಿಯಿತು. ಅರ್ನಾಲ್ಡನು ತೀರಿದುದು 1842ರಲ್ಲಿ. ಸ್ಟ್ರೇಚಿ ಹುಟ್ಟಿದುದು 1880ರಲ್ಲಿ. ಕಾಣದವನ ಕಾಲನ್ನು ಅಳೆಯುವ ಆ 'ಬಹುದು' ಎಂಬ ಮಾತು ಸತ್ಯಕ್ಕಾಗಿ ಬಂದುದಲ್ಲ, ನಗೆಗಾಗಿ ಬಂದುದು.

ಮೂರನೆಯದು 1925ರಿಂದ ಪತ್ರಿಕೆಯಲ್ಲಿ ಪ್ರಕರಣ ಪ್ರಕರಣವಾಗಿ ಬಂದ ಗಾಂಧೀಜಿಯವರ ಆತ್ಮಕಥೆ. ಡರ್ಬನ್ನಿನ ಮನೆಯಲ್ಲಿ ತಂಗಿದ್ದ ಗುಮಾಸ್ತನೊಬ್ಬನ ಮಲಪಾತ್ರೆಯನ್ನು ಕಸ್ತೂರಬಾ ಅಳುತ್ತ ಎತ್ತಿದರೆಂದು, ನಗುಮುಖದಿಂದ ಮಾಡಲಿಲ್ಲವೆಂದು, ಪತಿಯು ಕೈಹಿಡಿದೆಳೆದು ಬಾಗಿಲಾಚೆಗೆ ನೂಕಹೊರಟ ಸಂಗತಿ ಅದರಲ್ಲಿದೆ. ಬರೆದವರು ತಮಗೆ ಯಾವ ರಿಯಾಯಿತಿಯನ್ನೂ ಕೊಟ್ಟುಕೊಂಡಿಲ್ಲ. ಇದನ್ನೋದಿದಾಗ ಗಾಂಧೀಜಿಯವರನ್ನು ತೂಗಲು ನನಗೆ ತೋಚಲಿಲ್ಲ. ನನ್ನ ಮನೆಯಲ್ಲಿ, ಆದರ್ಶದ ಹೆಸರಿನಲ್ಲಿಯೇ, ನಾನಾಡಿದ ಕೆಲವು ಮಾತುಗಳು ನೆನಪಿಗೆ ಬಂದುವು. ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆನು.

ದೋಷವನ್ನು ಪ್ರೀತಿಯಿಂದ ಹೇಳಬಹುದು, ಪಶ್ಚಾತ್ತಾಪದಿಂದ ಹೇಳಬಹುದು, ವಿನೋದಕ್ಕಾಗಿಯೂ ಹೇಳಬಹುದು. ಮೊದಲೆರಡರಿಂದ ಮಹಾಪುರುಷನು ನಮಗೆ ಹತ್ತಿರವಾಗುತ್ತಾನೆ; ಮೂರನೆಯದರಿಂದ ನಾವು ಅವನಿಗಿಂತ ಮೇಲೆಂಬ ಭ್ರಾಂತಿ ಮಾತ್ರ ಹುಟ್ಟುತ್ತದೆ. ಇನ್ನು ದೋಷವನ್ನೇ ಹೇಳದ ಚರಿತ್ರೆಯೋ, ಪಟಕ್ಕೆ ಹಾಕಿದ ಹೂಮಾಲೆಯಂತೆ: ಪೂಜೆಗೆ ಒಪ್ಪುವುದು, ಆದರೆ ಮುಖವನ್ನು ಮರೆಮಾಡುವುದು. ನಮ್ಮ ಕನ್ನಡದಲ್ಲಿ ಹಿರಿಯರ ಚರಿತ್ರೆಗಳನ್ನು ಬರೆಯುವವರು ಆ ಮಾಲೆಯನ್ನು ಕೊಂಚ ಸರಿಸಬೇಕೆಂದು ನನ್ನ ಬಿನ್ನಹ. ಸರಿಸುವ ಕೈ ಮಾತ್ರ ಬಾಸ್‌ವೆಲ್ಲನದರಂತೆ ಪ್ರೀತಿಯುಳ್ಳದ್ದಾಗಿರಲಿ.