ಸಿಹಿಗೆ ಸಿಹಿ ಅದ್ದುವುದೇಕೆ?

ಕುಕ್ಕುಂದೂರಿನ ಜೋಡುರಸ್ತೆ ಆಸುಪಾಸಿನ ಮನೆಗಳಲ್ಲೂ ಈಗ ಮಕ್ಕಳ ಹುಟ್ಟುಹಬ್ಬಕ್ಕೆ ಹೆಚ್ಚಿಟ್ಟ ಹಣ್ಣಿನ ಪಕ್ಕ ಒಂದು ಬಟ್ಟಲು ಚಾಕಲೇಟ್ ಡಿಪ್ ಬಂದು ಕೂರುತ್ತದೆ. ಒಲೆಯೂ ಬೇಡ, ಓವನ್ನೂ ಬೇಡ. ಖರ್ಜೂರ, ಕೊಕ್ಕೋ ಪುಡಿ, ಜೇನು ಮಿಕ್ಸಿಗೆ ಹಾಕಿ ತಿರುಗಿಸಿದರಾಯಿತು. ಜೊತೆಗೊಂದು ಮಾತು ಖಾಯಂ: ‘ಸಕ್ಕರೆ ಹಾಕಿಲ್ಲ, ಇದು ಹೆಲ್ದಿ.’ ಡಿಪ್ಪಿನ ಮೇಲೆ ನನ್ನ ತಕರಾರಿಲ್ಲ. ಈ ಮಾತಿನ ಮೇಲಿದೆ.

ನೂರು ಗ್ರಾಂ ಖರ್ಜೂರದಲ್ಲಿ 60 ಗ್ರಾಂಗೂ ಮೀರಿ ಸಕ್ಕರೆಯಿದೆ. ನಾರೂ ಇದೆ, ಒಪ್ಪೋಣ. ಆದರೆ ಅಗಿದು ತಿನ್ನುವಾಗ ಎರಡಕ್ಕೇ ಸಾಕೆನಿಸುವ ಖರ್ಜೂರ, ನುಣ್ಣಗೆ ಅರೆದರೆ ಎಂಟಾದರೂ ಗೊತ್ತಾಗದೆ ಇಳಿಯುತ್ತದೆ. ಜೇನಿಗಂತೂ ಆ ನಾರಿನ ಸಮಾಧಾನವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಲ್ಲಿ ಜೇನನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಇಂಥ ಸಕ್ಕರೆ 50 ಗ್ರಾಂ ದಾಟಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು. ಇಪ್ಪತ್ತೈದು ಗ್ರಾಂ ಅಂದರೆ ಆರು ಟೀ ಚಮಚ.

ಬೆಲ್ಲದ ಪರ ವಕಾಲತ್ತು ಬೇರೆ. ಅದರಲ್ಲಿ ಕಬ್ಬಿಣಾಂಶವಿದೆಯಂತೆ. ಇದೆ, ಸ್ವಲ್ಪ. ಆದರೆ ಕೊಕ್ಕೋದ ಒಗರಿಗೆ ಕಾರಣವಾದ ಪಾಲಿಫಿನಾಲ್‌ಗಳೇ ಆ ಕಬ್ಬಿಣ ಮೈಗೆ ಹತ್ತದಂತೆ ಅಡ್ಡಿ ಮಾಡುತ್ತವೆ. ಚಾಕಲೇಟಿಗೆ ಬೆಲ್ಲ ಹಾಕಬೇಕಾದ್ದು ರುಚಿಗೆ, ರಕ್ತಕ್ಕಲ್ಲ.

ಬಾಳೆಹಣ್ಣು, ಚಿಕ್ಕು, ಪಪ್ಪಾಯಿ ಮೊದಲೇ ಸಿಹಿ. ಅವಕ್ಕೆ ಮತ್ತೆ ಸಿಹಿಯಲ್ಲೇ ಸ್ನಾನ ಯಾಕೆ? ಹಣ್ಣಿನ ಪಕ್ಕ ಇರಬೇಕಾದ್ದು ಕಹಿ, ಮತ್ತು ಕೊಕ್ಕೋದ ಹುಟ್ಟುಗುಣವೇ ಕಹಿ. ಈ ಕಹಿ ನಮಗೆ ಪರದೇಶದ್ದೇನೂ ಅಲ್ಲ. ಕರಾವಳಿಯ ಅಡಿಕೆ ತೋಟಗಳ ನೆರಳಲ್ಲಿ ಕೊಕ್ಕೋ ಬೆಳೆಯುತ್ತ ಬಂದಿದೆ. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆಗೆಂದು ಹುಟ್ಟಿದ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ಕಾಯಿ ಒಡೆದು ಬೀಜದ ಮೇಲಿನ ಬಿಳಿ ತಿರುಳು ಚೀಪಿದವರಿಗೆ ಗೊತ್ತು, ಹುಳಿ-ಸಿಹಿಯೆಲ್ಲ ಆ ತಿರುಳಿನದು. ಬೀಜ ಕಚ್ಚಿದರೆ ಮುಖ ಕಿವುಚುತ್ತದೆ. ಐದಾರು ದಿನ ಹುದುಗಿಸಿ, ಒಣಗಿಸಿ, ಹುರಿದ ಮೇಲಷ್ಟೇ ಅದಕ್ಕೆ ನಾವು ಬಲ್ಲ ಪರಿಮಳ.

ಇನ್ನು ದಪ್ಪ ಬರಿಸಲು ದುಬಾರಿ ಗ್ರೀಕ್ ಮೊಸರು, ಬಾದಾಮಿ ಬೆಣ್ಣೆ ತರಲು ಮಣಿಪಾಲಕ್ಕೆ ಓಡಬೇಕಿಲ್ಲ. ಕಾಯಿಹಾಲು, ಬೆಲ್ಲ, ಬಾಳೆಹಣ್ಣು ಕಲಸಿ ರಸಾಯನ ಮಾಡುವವರಿಗೆ ಒಲೆ ಮುಟ್ಟದ ಸಿಹಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಹಾಗಾಗಿ ಮೊದಲ ಸಲ ಹಿಂಡಿದ ಹಾಲನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಮೇಲೆ ದಪ್ಪ ಕೆನೆ ನಿಂತಿರುತ್ತದೆ. ಅಡಿಯ ನೀರು ಸಾರಿಗಾಯಿತು. ಕೊಕ್ಕೋ ಪುಡಿ ತಣ್ಣನೆಯದರಲ್ಲಿ ಗಂಟು ಕಟ್ಟುತ್ತದೆ. ಮೂರು ಚಮಚ ಪುಡಿಗೆ ಕುದಿನೀರು ತುಸುತುಸುವೇ ಹಾಕಿ ಮುದ್ದೆಯಾಗುವಂತೆ ತಿಕ್ಕಿ, ಅದರ ಬಿಸಿಯಲ್ಲೇ ಒಂದೇ ಒಂದು ಚಮಚ ಬೆಲ್ಲ, ಚಿಟಿಕೆ ಉಪ್ಪು ಕರಗಿಸಿ, ಆರಿದ ಮೇಲೆ ಒಂದು ಬಟ್ಟಲು ಕೆನೆಗೆ ಬೆರೆಸಿ. ಬಿಸಿಯಿರುವಾಗ ಸುರಿದರೆ ಕೆನೆ ಕರಗಿ ಗಂಜಿ ತಿಳಿಯಂತಾಗುತ್ತದೆ. ಮರುದಿನಕ್ಕಿಂತ ಹೆಚ್ಚು ಇಡಬೇಡಿ, ಕಾಯಿಹಾಲು ಹುಳಿಯುತ್ತದೆ.

ತೆಂಗಿನ ಕೊಬ್ಬು ಜಾಸ್ತಿಯಾಗಲಿಲ್ಲವೇ ಎಂದರೆ, ಆಯಿತು. ಅದಕ್ಕೇ ಇದನ್ನೂ ಹೆಲ್ದಿ ಅನ್ನಬೇಡಿ; ಸಿಹಿತಿಂಡಿ ಅನ್ನಿ, ಚಿಕ್ಕ ಬಟ್ಟಲಲ್ಲಿಡಿ. ಒಂದು ಲಾಭ ಮಾತ್ರ ಖಂಡಿತ: ಮೊಸರಿನ ಡಿಪ್ಪಿಗೆ ಹಸಿ ಅನಾನಸು ಬಿದ್ದು ಸ್ವಲ್ಪ ಹೊತ್ತಾದರೆ ಅದರ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಬೇಡದ ಕಹಿ ತರುತ್ತದೆ. ಇದರಲ್ಲಿ ಹಾಲೂ ಇಲ್ಲ, ಮೊಸರೂ ಇಲ್ಲ. ಅನಾನಸು ಧೈರ್ಯವಾಗಿ ಅದ್ದಬಹುದು.